ನೆನಹು ಮತ್ತು ಅರಿವು: ವಯಸ್ಕರ ಶಿಕ್ಷಣದಲ್ಲಿ ಜೀವನಾನುಭವದ ಸ್ಥಾನ

ಶಿಕ್ಷಣವೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಬಾಲಕರ ಶಾಲೆ. ಮಗು ಪಾಟಿ ಹಿಡಿದು ಬರುತ್ತದೆ; ಗುರುಗಳು ಅಕ್ಷರ ತಿದ್ದಿಸುತ್ತಾರೆ; ಮಗು ಬರೆದು ಒರೆಸಿ ಮತ್ತೆ ಬರೆಯುತ್ತದೆ. ಈ ಚಿತ್ರವು ನಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ನಲವತ್ತು ವರ್ಷದ ರೈತರೊಬ್ಬರು ರಾತ್ರಿ ಶಾಲೆಯ ಬಾಗಿಲಿಗೆ ಬಂದಾಗಲೂ ನಾವು ಅವರನ್ನು ತಡವಾಗಿ ಬಂದ ಮಗುವೆಂದೇ ಎಣಿಸಿ ಅದೇ ಪಾಟಿಯನ್ನು ಅವರ ಕೈಗಿಡುತ್ತೇವೆ. ಆದರೆ ಅವರು ರೋಹಿಣಿಯಿಂದ ಸ್ವಾತಿಯವರೆಗಿನ ಮಳೆಗಳ ಗುಣವನ್ನು ಬಲ್ಲವರು. ಸಾಲದ ಬಡ್ಡಿ ಬೆಳೆಯುವ ಬಗೆಯನ್ನು ಮೈಮೇಲೆ ಅನುಭವಿಸಿದವರು. ಮಕ್ಕಳನ್ನು ಹೆತ್ತು ಸಾಕಿ, ಹಿರಿಯರನ್ನು ಮಣ್ಣು ಮಾಡಿ, ಊರಿನ ವ್ಯಾಜ್ಯಗಳಲ್ಲಿ ಸಾಕ್ಷಿ ನುಡಿದವರು. ಇಷ್ಟೆಲ್ಲವನ್ನೂ ಬಾಗಿಲ ಹೊರಗೆ ಬಿಟ್ಟು ಒಳಗೆ ಬಾ ಎಂದರೆ ಅವರು ಬರುವುದಾದರೂ ಹೇಗೆ? ಬಂದರೂ ಎಷ್ಟು ದಿನ ಉಳಿದಾರು?

ವಯಸ್ಕರ ನೆನಪು ಮತ್ತು ಬಾಳಿನ ಅನುಭವಗಳಿಗೆ ಅವರ ಕಲಿಕೆಯಲ್ಲಿ ಯಾವ ಸ್ಥಾನವಿರಬೇಕು, ಅವುಗಳ ಮೂಲಕ ಮನುಷ್ಯನ ಬಾಳು ಬದಲಾಗುವ ಕ್ರಮವೆಂತಹುದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೧. ಮರಹು ಎಂಬ ಮಾತಿನ ಅರ್ಥ

ನಮ್ಮ ವಚನ ಸಾಹಿತ್ಯದ ಪರಿಭಾಷೆಯಲ್ಲಿ ಅರಿವಿಗೆ ಎದುರಾಗಿ ನಿಲ್ಲುವ ಶಬ್ದವು 'ಮರಹು' ಅಥವಾ 'ಮರವೆ'. ಈ ಒಂದೇ ಶಬ್ದದಲ್ಲಿ ಮರೆತುಹೋಗುವುದು ಮತ್ತು ಅಜ್ಞಾನ ಎಂಬ ಎರಡು ಅರ್ಥಗಳೂ ಅಡಗಿವೆ. ಅಜ್ಞಾನವೆಂದರೆ ಬರಿದಾಗಿರುವುದು ಎಂದು ಶರಣರು ಭಾವಿಸಲಿಲ್ಲ. ಇದ್ದುದನ್ನು ಮರೆತಿರುವುದೇ ಅಜ್ಞಾನವೆಂದು ತಿಳಿದರು. 'ನೆನಹು' ಎಂಬ ಶಬ್ದಕ್ಕೂ ಅವರು ಬರಿಯ ಜ್ಞಾಪಕಶಕ್ತಿಯೆಂಬ ಅರ್ಥವನ್ನು ಮೀರಿದ ಘನತೆಯನ್ನು ಕೊಟ್ಟರು. ಶರಣರ ಮಾತು ಪಾರಮಾರ್ಥಿಕವಾದುದು ನಿಜ. ಆದರೂ ಲೌಕಿಕ ಶಿಕ್ಷಣಕ್ಕೆ ಅದರಿಂದ ಬೆಳಕು ದೊರೆಯದೆ ಇಲ್ಲ. ಕಲಿಯುವವರು ಖಾಲಿ ಪಾತ್ರೆಯೆಂದು ನಂಬಿದ ಶಿಕ್ಷಕರು ತುಂಬಲು ಹೊರಡುತ್ತಾರೆ. ಕಲಿಯುವವರಲ್ಲಿ ಅರಿವು ಮರೆಯಾಗಿದೆಯೆಂದು ನಂಬಿದ ಶಿಕ್ಷಕರು ಮೊದಲು ಪ್ರಶ್ನೆ ಕೇಳುತ್ತಾರೆ, ಆಮೇಲೆ ಕಿವಿಗೊಡುತ್ತಾರೆ.

೨. ಕಲ್ಯಾಣದ ದೃಷ್ಟಾಂತ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದ ಶರಣರ ಗೋಷ್ಠಿಯನ್ನು ಪರಂಪರೆಯು ಅನುಭವ ಮಂಟಪವೆಂದು ಕರೆದಿದೆ. ಅದರ ಕಟ್ಟಡ, ಸ್ವರೂಪ, ಕಾರ್ಯವಿಧಾನಗಳ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳುಂಟು. ಆದರೆ ಅಲ್ಲಿ ಕೂಡಿದವರು ಯಾರೆಂಬುದಕ್ಕೆ ವಚನಗಳೇ ಸಾಕ್ಷಿಯಾಗಿವೆ. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು, ಮೇದಾರ ಕೇತಯ್ಯನವರು, ಡೋಹರ ಕಕ್ಕಯ್ಯನವರು, ಮೋಳಿಗೆಯ ಮಾರಯ್ಯನವರು. ಇವರ ಹೆಸರುಗಳಲ್ಲೇ ಇವರ ಕಾಯಕವು ಸೇರಿಕೊಂಡಿದೆ. ಚೌಡಯ್ಯನವರಂತೂ ಬೇರೆ ಅಂಕಿತವನ್ನು ಬಯಸದೆ ತಮ್ಮ ವೃತ್ತಿಸಹಿತವಾದ ಹೆಸರನ್ನೇ ವಚನಗಳಿಗೆ ಮುದ್ರಿಕೆಯಾಗಿ ಇಟ್ಟರು. ದೋಣಿ, ಹುಟ್ಟು, ಹೊಳೆಗಳ ಅನುಭವವನ್ನು ಬಿಟ್ಟು ಬಂದು ಅವರು ತತ್ತ್ವವನ್ನು ನುಡಿಯಲಿಲ್ಲ. ಅದರ ಮೂಲಕವೇ ನುಡಿದರು. ಇವರೆಲ್ಲರೂ ಪ್ರಾಯದವರು, ದುಡಿಮೆಗಾರರು. ವಯಸ್ಕರ ಶಿಕ್ಷಣದ ಇತಿಹಾಸವನ್ನು ಬರೆಯುವವರು ಈ ಗೋಷ್ಠಿಯನ್ನು ಮರೆಯಲಾಗದು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವು ಇಲ್ಲಿ ವಿಚಾರಯೋಗ್ಯವಾಗಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡೊಡನೆಯೇ ಇದು ನಮ್ಮ ನಿತ್ಯದ ಅಳತೆಯಲ್ಲವೆಂದು ಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಕಳುಹಿಸಿದರು. ಆ ತಾಯಿಗೆ ಅಳತೆ ತಿಳಿದದ್ದು ಗ್ರಂಥದಿಂದಲ್ಲ, ದಿನವೂ ಅಕ್ಕಿಯನ್ನು ಮುಟ್ಟಿದ ಕೈಯ ನೆನಪಿನಿಂದ. ಆದರೆ ಆ ನೆನಪು ಕೈಯಲ್ಲೇ ಉಳಿದಿದ್ದರೆ ಅದು ಅಭ್ಯಾಸವಷ್ಟೇ ಆಗುತ್ತಿತ್ತು. ಆಶೆಯೆಂದರೇನು, ಅಗತ್ಯವೆಂದರೇನು ಎಂಬ ಪ್ರಶ್ನೆಯಾಗಿ ಅದು ಹೊರಬಂದು ಗಂಡನ ಮುಂದೆ ನಿಂತಾಗ ಅರಿವಾಯಿತು. ಅನುಭವವು ಒಬ್ಬರ ಒಳಗೆ ಇರುವುದು ಒಂದು ಹಂತ. ಮತ್ತೊಬ್ಬರ ಮುಂದೆ ಮಾತಾಗಿ ಬಂದು ಪರೀಕ್ಷೆಗೆ ಒಳಗಾಗುವುದು ಎರಡನೆಯ ಹಂತ. ವಯಸ್ಕರ ಶಿಕ್ಷಣದ ರಹಸ್ಯವೆಲ್ಲ ಈ ಎರಡನೆಯ ಹಂತದಲ್ಲಿದೆ.

೩. ಆಧುನಿಕ ಚಿಂತಕರ ಮತ

ಈ ವಿಚಾರವನ್ನು ನಮ್ಮ ಕಾಲದ ಶಿಕ್ಷಣ ಚಿಂತಕರೂ ತಮ್ಮದೇ ದಾರಿಯಲ್ಲಿ ಕಂಡುಕೊಂಡಿದ್ದಾರೆ. ಅಮೆರಿಕದ ಎಡ್ವರ್ಡ್ ಲಿಂಡೆಮನ್ ಅವರು ೧೯೨೬ರಲ್ಲಿ ವಯಸ್ಕರ ಶಿಕ್ಷಣದ ಅರ್ಥವನ್ನು ಕುರಿತು ಬರೆದ ಗ್ರಂಥದಲ್ಲಿ, ಕಲಿಯುವವರ ಸ್ವಂತ ಅನುಭವವೇ ಈ ಕ್ಷೇತ್ರದ ಅತ್ಯಮೂಲ್ಯ ಸಂಪತ್ತೆಂದು ಪ್ರತಿಪಾದಿಸಿದರು. ಜಾನ್ ಡ್ಯೂಯಿ ಅವರು ೧೯೩೮ರ 'ಅನುಭವ ಮತ್ತು ಶಿಕ್ಷಣ' ಎಂಬ ಕೃತಿಯಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಿದರು: ನಿಜವಾದ ಶಿಕ್ಷಣವು ಅನುಭವದಿಂದಲೇ ಬರುತ್ತದೆಯಾದರೂ ಎಲ್ಲ ಅನುಭವವೂ ಶಿಕ್ಷಣವಾಗುವುದಿಲ್ಲ. ಕೆಲವು ಅನುಭವಗಳು ಮುಂದಿನ ಬೆಳವಣಿಗೆಯ ಬಾಗಿಲನ್ನೇ ಮುಚ್ಚಿಬಿಡುತ್ತವೆ.

೧೯೭೮ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಜ್ಯಾಕ್ ಮೆಜಿರೊ ಅವರು ಮತ್ತೊಂದು ಹೆಜ್ಜೆ ಮುಂದಿಟ್ಟರು. ಹಲವು ವರ್ಷಗಳ ಮನೆವಾರ್ತೆಯ ನಂತರ ಮತ್ತೆ ಕಾಲೇಜಿಗೆ ಬಂದ ಮಹಿಳೆಯರನ್ನು ಅಭ್ಯಸಿಸಿ, ವಯಸ್ಕರಲ್ಲಿ ನಡೆಯುವ ಆಳವಾದ ಕಲಿಕೆಯು ಹೊಸ ಸಂಗತಿಗಳನ್ನು ಕೂಡಿಸುವುದರಿಂದ ಮುಗಿಯದು, ಸಂಗತಿಗಳನ್ನು ಅರ್ಥೈಸುವ ಚೌಕಟ್ಟೇ ಅಲ್ಲಿ ಬದಲಾಗುತ್ತದೆ ಎಂದು ತೋರಿಸಿದರು. ಹಳೆಯ ನಂಬಿಕೆಗೆ ಒಗ್ಗದ ಒಂದು ಸಂದರ್ಭವು ಮೊದಲು ಮನಸ್ಸನ್ನು ಕಲಕುತ್ತದೆ, ಆಮೇಲೆ ಆತ್ಮಪರೀಕ್ಷೆ, ಇದು ನನ್ನೊಬ್ಬಳ ಕಷ್ಟವಲ್ಲ, ಇತರರದೂ ಹೌದು ಎಂಬ ತಿಳಿವು, ಕೊನೆಗೆ ಹೊಸ ರೀತಿಯಲ್ಲಿ ಬದುಕುವ ಪ್ರಯತ್ನ. ಇದನ್ನು ಪರಿವರ್ತನಶೀಲ ಕಲಿಕೆಯೆಂದು ಕರೆಯಲಾಗಿದೆ.

ನಮ್ಮ ಊರುಗಳ ಸಂದರ್ಭಕ್ಕೆ ಇದನ್ನು ಅನ್ವಯಿಸಿ ನೋಡೋಣ. "ನನಗೆ ಓದು ತಲೆಗೆ ಹತ್ತುವುದಿಲ್ಲ" ಎನ್ನುವ ಹೆಣ್ಣುಮಗಳೊಬ್ಬರನ್ನು ಊಹಿಸಿಕೊಳ್ಳಿ. ಶಾಲೆ ಬಿಟ್ಟ ದಿನ ನೆನಪಿದೆಯೇ ಎಂದು ಕೇಳಿದರೆ, ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಅದಕ್ಕಾಗಿ ಬಿಡಿಸಿದರು ಎಂದು ಆಕೆ ಹೇಳಬಹುದು. ಪಕ್ಕದಲ್ಲಿ ಕುಳಿತವರೂ ತಮ್ಮ ತಮ್ಮ ಕಥೆಯನ್ನು ಹೇಳಿದಾಗ, ಒಂದೇ ಕಾರಣವು ಮನೆಮನೆಯಲ್ಲಿ ಮರುಕಳಿಸಿರುವುದು ಕಾಣುತ್ತದೆ. ಆಗ ನಡೆದ ಸಂಗತಿಯು ಎಳ್ಳಷ್ಟೂ ಬದಲಾಗುವುದಿಲ್ಲ; ಅದರ ಅರ್ಥವು ಮಾತ್ರ ಬದಲಾಗುತ್ತದೆ. ನನ್ನ ತಲೆ ದಡ್ಡ ಎಂಬ ತೀರ್ಪು ಕಳಚಿ, ನನಗೆ ಅವಕಾಶ ತಪ್ಪಿತು ಎಂಬ ಸತ್ಯವು ಹೊಳೆಯುತ್ತದೆ. ಮೊದಲನೆಯದನ್ನು ನಂಬಿದವರು ಕಲಿಯಲಾರರು. ಎರಡನೆಯದನ್ನು ಕಂಡವರು ತಾವೂ ಕಲಿಯುವರು, ಮಗಳನ್ನೂ ಶಾಲೆ ಬಿಡಿಸಲಾರರು.

೪. ಜಾನ್ಸ್ ದ್ವೀಪದ ರಾತ್ರಿ ಶಾಲೆ

ಈ ತತ್ತ್ವವು ಕಾರ್ಯರೂಪಕ್ಕೆ ಬಂದ ಒಂದು ಪ್ರಸಿದ್ಧ ನಿದರ್ಶನವು ಅಮೆರಿಕದ ದಕ್ಷಿಣ ಕ್ಯಾರೊಲಿನ ರಾಜ್ಯದಲ್ಲಿದೆ. ಅದರ ಬೇರು ಮಾತ್ರ ಡೆನ್ಮಾರ್ಕಿನಲ್ಲಿದೆ. ಪರೀಕ್ಷೆಗಳಿಲ್ಲದ, ಸಹವಾಸ ಮತ್ತು ಜೀವಂತವಾದ ಮಾತಿನ ಮೂಲಕ ರೈತಾಪಿ ಯುವಕರನ್ನು ಎಚ್ಚರಿಸುವ ಶಾಲೆಗಳು ಬೇಕೆಂದು ಅಲ್ಲಿನ ಧರ್ಮಗುರು ಗ್ರುಂಟ್‌ವಿಗ್ ಅವರು ಬೋಧಿಸಿದರು. ಅಂತಹ ಮೊದಲ ಜನತಾ ಪ್ರೌಢಶಾಲೆಯು ೧೮೪೪ರಲ್ಲಿ ರೋಡಿಂಗ್ ಎಂಬಲ್ಲಿ ಆರಂಭವಾಯಿತು. ನಮ್ಮ ನಾಡಿಗೂ ಈ ಮಾದರಿಯು ಅಪರಿಚಿತವಲ್ಲ. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಗ್ರಾಮೀಣ ಯುವಜನರಿಗಾಗಿ ನಡೆಸಿದ ವಿದ್ಯಾಪೀಠಗಳಿಗೆ ಇದೇ ಸ್ಫೂರ್ತಿಯಾಗಿತ್ತು. ಆ ಸಮಿತಿಯ 'ಬೆಳಕು' ವಾರಪತ್ರಿಕೆಯನ್ನೂ 'ಪುಸ್ತಕ ಪ್ರಪಂಚ' ಮಾಸಪತ್ರಿಕೆಯನ್ನೂ ನಮ್ಮ ಹಿರಿಯ ಶಿಕ್ಷಕರು ಮರೆತಿರಲಾರರು.

ಡೆನ್ಮಾರ್ಕಿನ ಶಾಲೆಗಳನ್ನು ಕಣ್ಣಾರೆ ಕಂಡು ಬಂದ ಮೈಲ್ಸ್ ಹಾರ್ಟನ್ ಅವರು ೧೯೩೨ರಲ್ಲಿ ಟೆನೆಸೀ ರಾಜ್ಯದ ಬೆಟ್ಟಸೀಮೆಯಲ್ಲಿ ಹೈಲ್ಯಾಂಡರ್ ಜನತಾ ಶಾಲೆಯನ್ನು ಗೆಳೆಯರೊಡಗೂಡಿ ಸ್ಥಾಪಿಸಿದರು. ಅಲ್ಲಿನ ಶಿಬಿರಕ್ಕೆ ಬಂದವರಲ್ಲಿ ಈಸಾ ಜೆಂಕಿನ್ಸ್ ಎಂಬವರೊಬ್ಬರು. ಅವರು ಜಾನ್ಸ್ ದ್ವೀಪದ ಕರಿಯ ಕೂಲಿಗಾರರನ್ನು ಚಾರ್ಲ್‌ಸ್ಟನ್ ನಗರಕ್ಕೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ಆ ಕಾಲದಲ್ಲಿ ಮತದಾರರಾಗಿ ಹೆಸರು ನೋಂದಾಯಿಸಲು ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಿತ್ತು. ಜೆಂಕಿನ್ಸರು ಬಸ್ಸಿನಲ್ಲಿಯೇ ಅದನ್ನು ಹೇಳಿಕೊಡುತ್ತಿದ್ದರು. ಓದು ಬಾರದ ಒಬ್ಬ ಮಹಿಳೆಯು ಆ ಭಾಗವನ್ನು ಕಿವಿಯಿಂದ ಕೇಳಿಯೇ ಕಂಠಪಾಠ ಮಾಡಿ ಒಪ್ಪಿಸಿ ಮತದಾರರಾದರು. ಆದರೂ ಅವರಿಗೆ ತೃಪ್ತಿಯಾಗಲಿಲ್ಲ. ನಿಜವಾಗಿ ಓದುವುದನ್ನು ಕಲಿಸಬೇಕೆಂದು ಕೇಳಿಕೊಂಡರು. ಕಂಠಪಾಠವು ಬಾಗಿಲನ್ನು ತೆರೆಸಬಲ್ಲದು, ಮನಸ್ಸನ್ನು ತಣಿಸಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಅಲ್ಲಿ ೧೯೫೭ರ ಜನವರಿಯಲ್ಲಿ ರಾತ್ರಿ ಶಾಲೆಯು ಆರಂಭವಾಯಿತು. ಅದನ್ನು ರೂಪಿಸಿದವರಲ್ಲಿ ಅನುಭವಿ ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್ ಅವರು ಪ್ರಮುಖರು. ಪಾಠ ಹೇಳಲು ಆರಿಸಿದ್ದು ಮಾತ್ರ ಬರ್ನಿಸ್ ರಾಬಿನ್ಸನ್ ಅವರನ್ನು. ಅವರು ಕೇಶಾಲಂಕಾರ ಮತ್ತು ಹೊಲಿಗೆಯ ಕೆಲಸದವರು. ಶಿಕ್ಷಕಿಯ ತರಬೇತಿ ಪಡೆದವರಲ್ಲ. ವೃತ್ತಿಶಿಕ್ಷಕರಾದರೆ ವಯಸ್ಕರನ್ನು ಮಕ್ಕಳಂತೆ ಕಂಡಾರು ಎಂಬ ಶಂಕೆಯಿಂದಲೇ ಈ ಆಯ್ಕೆ ನಡೆಯಿತು. ಆಕೆ ಮೊದಲಿಗೆ ಪ್ರಾಥಮಿಕ ಶಾಲೆಯ ಪಾಠಸಾಮಗ್ರಿಯನ್ನು ತಂದಿದ್ದರು; ಅದು ಬಾಳಿ ಬಂದವರಿಗೆ ತಕ್ಕುದಲ್ಲವೆಂದು ಕಂಡು ಬದಿಗಿಟ್ಟರು. ನಾನು ಶಿಕ್ಷಕಿಯಲ್ಲ, ಕೂಡಿ ಕಲಿಯೋಣ ಎಂದು ಹೇಳಿ, ನಿಮಗೇನು ಕಲಿಯಬೇಕಾಗಿದೆ ಎಂದು ಕೇಳಿದರು. ತಮ್ಮ ಹೆಸರು ಬರೆಯಬೇಕು, ದೂರದಲ್ಲಿರುವ ಮಕ್ಕಳ ಕಾಗದ ಓದಬೇಕು, ಬೈಬಲ್ ಓದಬೇಕು, ಮನಿಯಾರ್ಡರ್ ನಮೂನೆ ತುಂಬಬೇಕು ಎಂಬ ಉತ್ತರಗಳು ಬಂದವು. ಅವೇ ಪಠ್ಯವಾದವು. ಜೊತೆಗೆ ಸಂಯುಕ್ತ ರಾಷ್ಟ್ರ ಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಗೋಡೆಗೆ ತೂಗುಹಾಕಿ, ಕೊನೆಗೆ ಅದನ್ನೂ ಓದಲು ಸಮರ್ಥರಾಗಬೇಕೆಂದರು. ಮೊದಲ ತರಗತಿಯಲ್ಲಿದ್ದವರು ೧೪ ಮಂದಿ. ಈ ಬಗೆಯ ಪೌರ ಶಾಲೆಗಳು ಬೇರೆ ದ್ವೀಪಗಳಿಗೂ ರಾಜ್ಯಗಳಿಗೂ ಹಬ್ಬಿದವು. ೧೯೬೧ರಲ್ಲಿ ಈ ಕಾರ್ಯವನ್ನು ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಸ್ಥೆಯು ವಹಿಸಿಕೊಂಡಿತು. ದಕ್ಷಿಣದ ರಾಜ್ಯಗಳಲ್ಲಿದ್ದ ಓದಿನ ಪರೀಕ್ಷೆಯ ಅಡ್ಡಿಯು ೧೯೬೫ರ ಮತಾಧಿಕಾರ ಕಾನೂನಿನಿಂದ ನಿವಾರಣೆಯಾಯಿತು.

೫. ಪದದಿಂದ ಲೋಕಕ್ಕೆ

ಜಾನ್ಸ್ ದ್ವೀಪದಲ್ಲಿ ಕಲಿಯುವವರ ಅಗತ್ಯವು ಪಾಠವಾದರೆ, ಬ್ರೆಜಿಲಿನ ಪಾವ್ಲೊ ಫ್ರೇರೆ ಅವರು ಕಲಿಯುವವರ ಮಾತನ್ನೇ ಪಾಠವಾಗಿಸುವ ಪದ್ಧತಿಯನ್ನು ರೂಪಿಸಿದರು. ೧೯೬೩ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು ೩೦೦ ಮಂದಿ ದುಡಿಮೆಗಾರರಿಗೆ ೪೦ ಗಂಟೆಗಳಲ್ಲಿ ಓದುಬರಹ ಕಲಿಸುವ ಪ್ರಯೋಗವು ಅವರ ನೇತೃತ್ವದಲ್ಲಿ ನಡೆಯಿತು. ಮೊದಲು ಊರಿನವರ ಮಾತನ್ನು ಕೇಳಿ, ಅವರ ಬಾಳಿಗೆ ಹತ್ತಿರವಾದ ಕೆಲವು ಪದಗಳನ್ನು ಆಯುವುದು. ಪದಕ್ಕೆ ಸಂಬಂಧಿಸಿದ ಚಿತ್ರವೊಂದನ್ನು ಮುಂದಿಟ್ಟು ಚರ್ಚಿಸುವುದು. ಚರ್ಚೆಯ ನಂತರ ಪದವನ್ನು ಬಿಡಿಸಿ ಅಕ್ಷರಗಳ ಕುಟುಂಬಗಳನ್ನು ತೋರಿಸುವುದು. ಇದು ಅವರ ಕ್ರಮ. ೧೯೬೪ರ ಸೈನಿಕ ಕ್ರಾಂತಿಯ ನಂತರ ಫ್ರೇರೆಯವರು ಸೆರೆಮನೆಯನ್ನೂ ದೇಶಾಂತರವಾಸವನ್ನೂ ಅನುಭವಿಸಬೇಕಾಯಿತು. ಜನರು ತಮ್ಮ ಬಾಳನ್ನು ತಾವೇ ಓದತೊಡಗುವುದು ಅಧಿಕಾರಕ್ಕೆ ಸಣ್ಣ ವಿಷಯವಾಗಿರಲಿಲ್ಲ.

ಈ ಪದ್ಧತಿಗೆ ನಮ್ಮ ಕನ್ನಡವು ಅತ್ಯಂತ ಅನುಕೂಲವಾದ ಭಾಷೆ. ಅಕ್ಷರ ಕುಟುಂಬಗಳು ಕಾಗುಣಿತದ ರೂಪದಲ್ಲಿ ಸಿದ್ಧವಾಗಿಯೇ ಇವೆ. 'ಕೂಲಿ' ಎಂಬ ಪದವನ್ನು ತೆಗೆದುಕೊಳ್ಳೋಣ. ಮೊದಲು ಚರ್ಚೆ: ನಿಮ್ಮ ತಂದೆಯ ಕಾಲದಲ್ಲಿ ಕೂಲಿಯನ್ನು ಕಾಳಿನಲ್ಲಿ ಕೊಡುತ್ತಿದ್ದರೋ ಹಣದಲ್ಲೋ? ಹೆಣ್ಣಾಳಿಗೂ ಗಂಡಾಳಿಗೂ ವ್ಯತ್ಯಾಸವೆಷ್ಟಿತ್ತು, ಏಕಿತ್ತು? ನೆನಪುಗಳು ಒಂದರ ಹಿಂದೊಂದು ಬರುತ್ತವೆ. ಆಮೇಲೆ ಕ-ಕಾರದ ಮತ್ತು ಲ-ಕಾರದ ಕಾಗುಣಿತವನ್ನು ಹಲಗೆಯ ಮೇಲೆ ಬರೆದರೆ, ಕಲಿಯುವವರೇ ಹೊಸ ಪದಗಳನ್ನು ಕಟ್ಟುತ್ತಾರೆ: ಕಾಲು, ಕೋಲು, ಕೀಲು, ಕಾಲ, ಕಲಿ, ಲೋಕ. ಕೂಲಿ ಎಂಬ ಪದದೊಳಗೆ ಕಲಿಯೂ ಲೋಕವೂ ಅಡಗಿರುವುದನ್ನು ಕಂಡುಕೊಂಡವರಿಗೆ ಅಕ್ಷರವು ಪರಕೀಯವಾಗಿ ಉಳಿಯದು.

೬. ನೆಲ್ಲೂರಿನ ತಾಯಂದಿರು

ನಮ್ಮ ದೇಶದಲ್ಲಿ ೧೯೭೮ರ ಅಕ್ಟೋಬರ್ ೨ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ ೧೯೮೮ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಆರಂಭವಾದವು. ಮಿಷನ್ನಿನ ಕಾಲದಲ್ಲಿ ನೆರೆಯ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯಲ್ಲಿ ನಡೆದ ಘಟನೆಯು ನಮ್ಮ ವಿಷಯಕ್ಕೆ ಪುಷ್ಟಿಯನ್ನು ಕೊಡುತ್ತದೆ. ಅಲ್ಲಿನ ಅಕ್ಷರಾಭ್ಯಾಸದ ಪುಸ್ತಕದಲ್ಲಿ, ಸಾರಾಯಿಯಿಂದ ಹಾಳಾದ ಸಂಸಾರದ ಮತ್ತು ಒಂದಾಗಿ ನಿಂತ ಮಹಿಳೆಯರ ಕಥೆಗಳು ಪಾಠಗಳಾಗಿ ಬಂದಿದ್ದವು. ಓದಿದ ತಾಯಂದಿರು ಅದರಲ್ಲಿ ತಮ್ಮ ಮನೆಯನ್ನೇ ಕಂಡರು. ದೂಬಗುಂಟ ಎಂಬ ಹಳ್ಳಿಯ ಮಹಿಳೆಯರು ಒಂದಾಗಿ ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ೧೯೯೨ರಲ್ಲಿ ಈ ಚಳವಳಿಯು ಜಿಲ್ಲೆಯಿಂದ ಜಿಲ್ಲೆಗೆ ಹರಡಿತು. ೧೯೯೩ರ ಅಕ್ಟೋಬರಿನಲ್ಲಿ ಆ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ೧೯೯೫ರಲ್ಲಿ ಪೂರ್ಣ ಪಾನನಿರೋಧವು ಬಂದು ೧೯೯೭ರಲ್ಲಿ ಸಡಿಲವಾಯಿತು. ಕಾನೂನಿನ ಏಳುಬೀಳುಗಳು ಏನೇ ಇರಲಿ, ಒಂದು ಮಾತು ಸ್ಪಷ್ಟವಾಯಿತು. ಪ್ರತಿಯೊಬ್ಬ ತಾಯಿಯೂ ತನ್ನ ಹಣೆಬರಹವೆಂದು ಒಳಗೇ ನುಂಗಿಕೊಂಡಿದ್ದ ನೆನಪು, ಪಾಠದ ನೆಪದಲ್ಲಿ ಹತ್ತು ಮಂದಿಯ ನಡುವೆ ಮಾತಾದಾಗ, ಅದು ಹಣೆಬರಹವಾಗಿ ಉಳಿಯಲಿಲ್ಲ.

೭. ಎಚ್ಚರಿಕೆಯ ಮಾತು

ನೆನಪಿನ ಮಹಿಮೆಯನ್ನು ಹೇಳುವಾಗ ಅದರ ಅಪಾಯಗಳನ್ನೂ ಹೇಳಬೇಕು. ಮೊದಲನೆಯದು, ನೆನಪುಗಳಲ್ಲಿ ಗಾಯಗಳೂ ಇರುತ್ತವೆ. ಕುಲದ ಕಾರಣದಿಂದ ಶಾಲೆಯ ಹೊರಗೆ ಕುಳಿತವರು, ಗಂಡನ ಮನೆಯಲ್ಲಿ ನೊಂದವರು ತಮ್ಮ ಕಥೆಯನ್ನು ಹೇಳಲೇಬೇಕೆಂದು ಒತ್ತಾಯಿಸುವ ಅಧಿಕಾರ ಶಿಕ್ಷಕರಿಗಿಲ್ಲ. ಮೌನವಾಗಿರುವವರ ಮೌನವೂ ಗೌರವಾರ್ಹವೇ. ಎರಡನೆಯದು, ನೆನಪು ಪೂರ್ವಗ್ರಹವನ್ನೂ ಕಾಪಾಡಿಕೊಂಡು ಬರುತ್ತದೆ. ಹಿಂದಿನಿಂದ ಹೀಗೆಯೇ ನಡೆದು ಬಂದಿದೆ ಎಂಬ ಮಾತು ಅನುಭವದ ವೇಷದಲ್ಲಿ ಬರುವ ಮರಹು. ಡ್ಯೂಯಿಯವರ ಎಚ್ಚರಿಕೆ ಅನ್ವಯಿಸುವುದು ಇಲ್ಲಿಯೇ. ಅನುಭವವನ್ನು ಗೌರವಿಸಬೇಕು, ಪ್ರಶ್ನಿಸಲೂಬೇಕು. ಮೂರನೆಯದು, ಚರ್ಚೆಯಲ್ಲಿಯೇ ಕಾಲ ಕಳೆದು ಅಕ್ಷರವನ್ನು ಕಡೆಗಣಿಸಬಾರದು. ಮಾತು ಎಷ್ಟೇ ಎಚ್ಚರಿಸಿದರೂ, ಪಹಣಿಯನ್ನೂ ಬ್ಯಾಂಕಿನ ಕಾಗದವನ್ನೂ ತಾವೇ ಓದಲಾರದವರು ಮತ್ತೊಬ್ಬರ ಕೈಯನ್ನೇ ನಂಬಬೇಕಾಗುತ್ತದೆ.

೮. ನಮ್ಮ ಕರ್ತವ್ಯ

೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆಯು ಶೇಕಡ ೭೫.೩೬. ಪುರುಷರಲ್ಲಿ ೮೨.೪೭, ಮಹಿಳೆಯರಲ್ಲಿ ೬೮.೦೮. ಏಳು ವರ್ಷಕ್ಕೆ ಮೇಲ್ಪಟ್ಟ ಹೆಂಗಸರಲ್ಲಿ ನೂರಕ್ಕೆ ಸುಮಾರು ೩೨ ಮಂದಿ ಅಂದು ಅಕ್ಷರದ ಹೊರಗಿದ್ದರು. ೨೦೨೨ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮವು ೧೫ ವರ್ಷಕ್ಕೆ ಮೇಲ್ಪಟ್ಟವರ ಕಲಿಕೆಯ ಹೊಣೆಯನ್ನು ಬಹುಮಟ್ಟಿಗೆ ಸ್ವಯಂಸೇವಕರ ಮೇಲಿಟ್ಟಿದೆ. ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೆ ಇದು ಹೊರಗಿನ ಕೆಲಸವಲ್ಲ. ಅನ್ನ, ಆಶ್ರಯ, ಅಕ್ಷರಗಳ ದಾಸೋಹದಿಂದ ಬೆಳೆದ ಎಷ್ಟೋ ಮಂದಿ ಹಳೆಯ ವಿದ್ಯಾರ್ಥಿಗಳ ಪ್ರವೇಶಪತ್ರಗಳಲ್ಲಿ ತಾಯಿತಂದೆಯರ ಸಹಿಯ ಜಾಗದಲ್ಲಿರುವುದು ಹೆಬ್ಬೆಟ್ಟಿನ ಗುರುತು. ಮಗನು ಪದವೀಧರನಾದನು, ಹೆಬ್ಬೆಟ್ಟೊತ್ತಿದ ತಾಯಿ ಇದ್ದಲ್ಲಿಯೇ ಉಳಿದಳು. ಈ ಋಣವಿನ್ನೂ ತೀರಿಲ್ಲ.

ಶಿಕ್ಷಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ವಯಸ್ಕರ ತರಗತಿಯ ಮೊದಲ ಕೆಲವು ಸಂಜೆಗಳನ್ನು ಕೇಳುವುದಕ್ಕೆ ಮೀಸಲಿಡಿ. ಅವರು ಹೆಚ್ಚಾಗಿ ಬಳಸುವ ಮಾತುಗಳನ್ನು ಬರೆದುಕೊಂಡು, ಅವುಗಳಿಂದಲೇ ಅಕ್ಷರಾಭ್ಯಾಸವನ್ನು ತೊಡಗಿಸಿ. ಅವರು ಹೇಳಿದ ಅನುಭವವನ್ನು ಅವರ ಮಾತಿನಲ್ಲಿಯೇ ನಾಲ್ಕು ಸಾಲು ಬರೆದು, ಅವರ ಒಪ್ಪಿಗೆ ಪಡೆದು, ಮರುದಿನದ ಪಾಠವನ್ನಾಗಿ ಮಾಡಿ. ತನ್ನ ಮಾತು ಹಲಗೆಯ ಮೇಲೆ ನಿಂತಿರುವುದನ್ನು ಕಂಡವರಿಗೆ ಅಕ್ಷರದ ಭಯ ಬಿಡುತ್ತದೆ. ಆ ಪಾಠಗಳನ್ನು ಕಾಪಾಡಿ ಇಡಿ. ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಅರಸಿ ಸಂಗ್ರಹಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸದೆ ಇದ್ದಿದ್ದರೆ ಮಡಿವಾಳರ, ಅಂಬಿಗರ, ಮೇದಾರರ ಎಷ್ಟೋ ಮಾತುಗಳು ನಮ್ಮ ಪಾಲಿಗೆ ಮರಹಿನಲ್ಲಿಯೇ ಉಳಿಯುತ್ತಿದ್ದವು. ಇಂದಿನ ದುಡಿಮೆಗಾರರ ಮಾತನ್ನು ಬರೆದಿಡುವುದೂ ಅದೇ ಪರಂಪರೆಯ ಕಾರ್ಯ.

ದಾನಿಗಳಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು. ಕಟ್ಟಡಕ್ಕೆ ಕೊಡುವ ದಾನವು ಕಣ್ಣಿಗೆ ಕಾಣುತ್ತದೆ. ಸಂಜೆಯ ತರಗತಿಗೆ ಕೊಡುವ ದೀಪ, ಪುಸ್ತಕ, ಕಾಲಗಳು ಕಲ್ಲಿನ ಮೇಲೆ ಹೆಸರಾಗಿ ಉಳಿಯುವುದಿಲ್ಲ. ಅದರ ಫಲವನ್ನು ಪ್ರಮಾಣಪತ್ರಗಳ ಎಣಿಕೆಯಿಂದ ಮಾತ್ರ ಅಳೆಯಬೇಡಿ. ತಾಯಿಯೊಬ್ಬಳು ಮಗಳ ಮದುವೆಯನ್ನು ಎರಡು ವರ್ಷ ಮುಂದೂಡಿ ಶಾಲೆಗೆ ಕಳುಹಿಸಿದಳೇ, ರೈತರೊಬ್ಬರು ಸಾಲಪತ್ರವನ್ನು ಓದಿ ನೋಡಿ ಸಹಿ ಹಾಕಿದರೇ ಎಂದು ವಿಚಾರಿಸಿ. ವರ್ಷದಲ್ಲಿ ಒಂದು ಸಂಜೆಯಾದರೂ ಅವರ ನಡುವೆ ಕುಳಿತು ಅವರ ಮಾತನ್ನು ಕೇಳಿ.

ಅನುಭವವು ಎಲ್ಲರಲ್ಲಿಯೂ ಉಂಟು. ಅದು ಅರಿವಾಗಬೇಕಾದರೆ ಕೂಟವು ಬೇಕು, ಪ್ರಶ್ನೆಯು ಬೇಕು, ಅಕ್ಷರವು ಬೇಕು. ಈ ಮೂರನ್ನೂ ಒದಗಿಸುವ ಸ್ಥಳವಾಗಿ ನಮ್ಮ ಶಾಲೆಗಳು ಹಗಲು ಮಕ್ಕಳಿಗೂ ಸಂಜೆ ಅವರ ತಾಯಿತಂದೆಯರಿಗೂ ಬಾಗಿಲು ತೆರೆದಿರಲೆಂದು ಹಾರೈಸೋಣ.